ಗೈಡ್ ಬೇಕಾ, ಬೇಡ್ವಾ? ಸಿಂಧಘಟ್ಟದ ಸುತ್ತಮುತ್ತ ಒಂದು ಲೆಕ್ಕಾಚಾರ

ಇವತ್ತಿನ ವಿಷಯ ನಿಮ್ಮಿಂದಲೇ ಬಂದಿದ್ದು. ಹಳೇ ದೇವಸ್ಥಾನ, ಕೋಟೆ ಅಂತ ಎಲ್ಲಿಗೇ ಹೋಗಿ, ಗೇಟ್ ಹತ್ರ ಒಬ್ಬರು ಬಂದು "ಸಾರ್, ಗೈಡ್ ಬೇಕಾ?" ಅಂತ ಕೇಳ್ತಾರೆ. ನಮ್ಮಲ್ಲಿ ಅರ್ಧ ಜನ "ಬೇಡ, ಗೂಗಲ್ ಇದೆ" ಅಂತ ಮುಂದೆ ಹೋಗ್ತೀವಿ. ಇನ್ನರ್ಧ ಜನ ರೇಟ್ ಮಾತಾಡಿ ಅವರ ಹಿಂದೆ ಹೋಗ್ತೀವಿ. ಯಾವುದು ಸರಿ ಅಂತ ತುಂಬಾ ಜನ ಮೆಸೇಜ್ ಮಾಡಿದ್ರಿ.

ನನ್ನ ಉತ್ತರಕ್ಕೆ ನಾನು ಮಂಡ್ಯ ಜಿಲ್ಲೆಯನ್ನ ಆರಿಸ್ಕೊಂಡಿದ್ದೀನಿ. ಕಾರಣ ಇದೆ. ಇಲ್ಲಿ ಎರಡೂ ಥರದ ಜಾಗ ಒಂದೇ ದಿನದಲ್ಲಿ ಸಿಗುತ್ತೆ. ಶ್ರೀರಂಗಪಟ್ಟಣಕ್ಕೆ ಹೋದ್ರೆ ಗೈಡ್‌ಗಳು, ಟಾಂಗಾಗಳು, ಟಿಕೆಟ್ ಕೌಂಟರ್. ಕೆ.ಆರ್. ಪೇಟೆ ತಾಲ್ಲೂಕಿನ ಸಿಂಧಘಟ್ಟಕ್ಕೆ ಹೋದ್ರೆ ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಸ್ಥಾನ ಇದೆ, ಆದ್ರೆ ಗೈಡ್ ಇಲ್ಲ, ಕೌಂಟರ್ ಇಲ್ಲ. ಬಾಗಿಲು ಹಾಕಿದ್ರೆ ಬೀಗದ ಕೈ ಯಾರ ಹತ್ರ ಇದೆ ಅಂತ ಊರಲ್ಲೇ ಕೇಳ್ಕೋಬೇಕು. ಅಂದ್ರೆ ಒಂದು ಕಡೆ ಆಯ್ಕೆ ಇದೆ, ಇನ್ನೊಂದು ಕಡೆ ಆಯ್ಕೆನೇ ಇಲ್ಲ.

ಮೊದಲು ಶ್ರೀರಂಗಪಟ್ಟಣ. ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಬಾಗ್ ನೋಡಿರ್ತೀರಾ. ಅದರ ಪಶ್ಚಿಮದ ಗೋಡೆ ಮೇಲೆ ದೊಡ್ಡ ಯುದ್ಧದ ಚಿತ್ರ ಇದೆ. ಬರೀ ಕಣ್ಣಲ್ಲಿ ನೋಡಿದ್ರೆ ಏನು ಕಾಣುತ್ತೆ? ಕುದುರೆ, ಆನೆ, ನೂರಾರು ಜನ, ಕತ್ತಿ. ಎರಡು ಸೆಲ್ಫಿ ತಗೊಂಡು ಹೊರಗೆ ಬರ್ತೀವಿ. ಆದ್ರೆ ಅದು 1780ರ ಸೆಪ್ಟೆಂಬರ್‌ನಲ್ಲಿ ಪೊಳ್ಳಿಲೂರಿನಲ್ಲಿ ನಡೆದ ಯುದ್ಧ ಅಂತ ಯಾರಾದರೂ ಹೇಳಿದ ತಕ್ಷಣ ಗೋಡೆ ಬದಲಾಗುತ್ತೆ. ಚೌಕಾಕಾರದಲ್ಲಿ ನಿಂತಿರೋರು ಇಂಗ್ಲಿಷ್ ಸೈನಿಕರು. ಮಧ್ಯೆ ಪಲ್ಲಕ್ಕಿಯಲ್ಲಿ ಕೂತಿರೋನು ಅವರ ಕರ್ನಲ್ ಬೈಲಿ. ದೂರದರ್ಶಕ ಹಿಡಿದಿರೋ ಫ್ರೆಂಚ್ ಅಧಿಕಾರಿ ಲಾಲಿ, ಮೈಸೂರಿನ ಕಡೆಯವನು. ಮದ್ದುಗುಂಡಿನ ಗಾಡಿ ಸಿಡೀತಿದೆ. ಈಸ್ಟ್ ಇಂಡಿಯಾ ಕಂಪನಿ ಭಾರತದಲ್ಲಿ ಕಂಡ ಅತಿ ದೊಡ್ಡ ಸೋಲುಗಳಲ್ಲಿ ಒಂದನ್ನ ಗೆದ್ದವರ ಕಡೆಯಿಂದ ಬರೆದಿರೋ ಚಿತ್ರ ಅದು. ಇಂಥ ಜಾಗದಲ್ಲಿ ಒಳ್ಳೇ ಗೈಡ್‌ಗೆ ಕೊಡೋ ದುಡ್ಡು ಒಂದು ಪೈಸೆನೂ ವೇಸ್ಟ್ ಅಲ್ಲ. ಎಲ್ಲಿ ನೋಡಬೇಕು ಅಂತ ಬೆರಳು ತೋರ್ಸೋಕೆ ಒಬ್ಬ ಮನುಷ್ಯ ಬೇಕೇ ಬೇಕು.

ಅದೇ ಊರಲ್ಲಿ ಇನ್ನೊಂದು ಜಾಗ. 1799ರ ಮೇ 4, ಕೋಟೆ ಬಿದ್ದ ದಿನ. "ಟಿಪ್ಪು ಸತ್ತಿದ್ದು ಇಲ್ಲೇ" ಅಂತ ಎಲ್ಲರೂ ಒಂದು ಜಾಗ ತೋರಿಸ್ತಾರೆ. ಅಲ್ಲಿರೋ ಕಲ್ಲಿನ ಫಲಕ ಓದಿ. ಟಿಪ್ಪುವಿನ ದೇಹ ಇಲ್ಲಿ ಸಿಕ್ಕಿತು ಅಂತಿದೆ. ಸತ್ತಿದ್ದು ಇಲ್ಲಿ, ದೇಹ ಸಿಕ್ಕಿದ್ದು ಇಲ್ಲಿ. ಈ ಎರಡು ಮಾತಿಗೂ ವ್ಯತ್ಯಾಸ ಇದೆ ಅಲ್ವಾ? ಹೇಳೋರು ಕಥೆಯನ್ನ ಒಂದು ಹೆಜ್ಜೆ ಮುಂದೆ ತಗೊಂಡು ಹೋಗಿರ್ತಾರೆ, ಕಲ್ಲು ಇದ್ದಲ್ಲೇ ಇರುತ್ತೆ. ಇವತ್ತಿನ ಮುಖ್ಯ ಮಾತು ಇದೇ.

ಈ ವ್ಯತ್ಯಾಸ ಎಷ್ಟು ದೊಡ್ಡದಾಗಬಹುದು ಅನ್ನೋದಕ್ಕೆ ಸ್ವಲ್ಪ ಹೊತ್ತು ಬೇಲೂರಿಗೆ ಹೋಗಿ ಬರೋಣ. ಜಕಣಾಚಾರಿ ಕಥೆ ಎಲ್ಲರಿಗೂ ಗೊತ್ತು. ಅಪ್ಪ ಜಕಣ, ಮಗ ಡಂಕಣ. ಅಪ್ಪ ಕೆತ್ತಿದ ಮೂರ್ತಿಯ ಕಲ್ಲಲ್ಲಿ ದೋಷ ಇದೆ ಅಂತಾನೆ ಮಗ. ಗಂಧ ಹಚ್ಚಿ ನೋಡಿದ್ರೆ ಹೊಟ್ಟೆ ಹತ್ರ ಒಂದು ಕಡೆ ಒಣಗೋದಿಲ್ಲ. ಅಲ್ಲಿ ಉಳಿ ಇಟ್ರೆ ಕಪ್ಪೆ ಹೊರಗೆ ಬರುತ್ತೆ. ಮಾತು ಕೊಟ್ಟಿದ್ದಕ್ಕೆ ಅಪ್ಪ ತನ್ನ ಕೈಯನ್ನೇ ಕಡ್ಕೋತಾನೆ. ಕಪ್ಪೆ ಚೆನ್ನಿಗರಾಯನ ಮುಂದೆ ನಿಂತು ಗೈಡ್ ಇದನ್ನ ಹೇಳ್ತಿದ್ರೆ ಮೈ ಜುಮ್ ಅನ್ನುತ್ತೆ. 1964ರಲ್ಲಿ ಕಲ್ಯಾಣ್ ಕುಮಾರ್ ಅಭಿನಯದ "ಅಮರಶಿಲ್ಪಿ ಜಕಣಾಚಾರಿ" ಬಂತು, ಕನ್ನಡದ ಮೊದಲ ವರ್ಣಚಿತ್ರ. ನಿಮ್ಮ ಅಜ್ಜಿ ತಾತನ್ನ ಕೇಳಿ, ನೋಡಿರ್ತಾರೆ. ಸರ್ಕಾರ ಶಿಲ್ಪಿಗಳಿಗೆ ಕೊಡೋ ಪ್ರಶಸ್ತಿಗೂ ಇದೇ ಹೆಸರು.

ಆದ್ರೆ ಬೇಲೂರಿನ ಶಿಲ್ಪಗಳ ಕೆಳಗೆ ಶಿಲ್ಪಿಗಳೇ ತಮ್ಮ ಹೆಸರು ಕೆತ್ತಿದ್ದಾರೆ. ಆ ಸಹಿಗಳಲ್ಲಿ ಜಕಣಾಚಾರಿ ಇಲ್ಲ. ಇರೋದು ಯಾರು ಗೊತ್ತಾ? ಬಳ್ಳಿಗಾವಿಯ ದಾಸೋಜ, ಮತ್ತು ಅವನ ಮಗ ಚಾವಣ. ಮದನಿಕೆಯರನ್ನ ಕೆತ್ತಿದವರಲ್ಲಿ ಇವರಿಬ್ಬರ ಹೆಸರು ಕಲ್ಲಿನ ಮೇಲೇ ಇದೆ. ಅಂದ್ರೆ ಅಪ್ಪ-ಮಗ ಶಿಲ್ಪಿಗಳು ನಿಜವಾಗ್ಲೂ ಅಲ್ಲಿ ಕೆಲಸ ಮಾಡಿದ್ರು. ಜಗಳ ಇಲ್ಲ, ಕಪ್ಪೆ ಇಲ್ಲ, ಕೈ ಕಡ್ಕೊಂಡಿದ್ದಿಲ್ಲ. ಮಲೆನಾಡಿನ ಅಂಚಿನ ಒಂದು ಊರಿಂದ ಕೆಲಸಕ್ಕೆ ಬಂದು, ಮಾಡಿ, ಸಹಿ ಹಾಕಿ ಹೋದ್ರು. ಈ ಹೆಸರುಗಳು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಇದಕ್ಕೆ ಗೈಡ್‌ಗಳನ್ನ ಬೈಯೋದು ಸುಲಭ, ಆದ್ರೆ ನ್ಯಾಯ ಅಲ್ಲ. ಅವರ ಕೆಲಸದ ಲೆಕ್ಕ ನೋಡಿ. ಒಂದು ಗುಂಪಿಗೆ ಮುಕ್ಕಾಲು ಗಂಟೆ ಅಂತಿಟ್ಕೊಳ್ಳಿ. ಬಿಸಿಲು, ಮಕ್ಕಳ ಗಲಾಟೆ, ಬಸ್ ಹೊರಡೋ ಟೈಮ್. ಆ ಹೊತ್ತಲ್ಲಿ ಶಾಸನದ ಸಾಲು ಓದಿದ್ರೆ ಯಾರು ಕೇಳ್ತಾರೆ? ಕಪ್ಪೆ ಕಥೆ ಹೇಳಿದ್ರೆ ಎಲ್ಲರೂ ಸುಮ್ಮನಾಗ್ತಾರೆ. ನಾವು ಏನು ಕೇಳ್ತೀವೋ ಅದನ್ನೇ ಅವರು ಮಾರ್ತಾರೆ. ಬೇಡಿಕೆ ನಮ್ಮದು.

ಸರಿ, ವಾಪಸ್ ಕೆ.ಆರ್. ಪೇಟೆಗೆ ಬನ್ನಿ. ಗೈಡೇ ಇಲ್ಲದ ಊರುಗಳಲ್ಲಿ ಏನಾಗುತ್ತೆ?

ಗೋವಿಂದನಹಳ್ಳಿ ಅಂತ ಒಂದು ಹಳ್ಳಿ. ಅಲ್ಲಿ ಪಂಚಲಿಂಗೇಶ್ವರ ದೇವಸ್ಥಾನ. ಐದು ಗರ್ಭಗುಡಿಗಳು ಸಾಲಾಗಿ ನಿಂತಿವೆ, ಹೊಯ್ಸಳರಲ್ಲಿ ಇದು ಅಪರೂಪ. ಮೊದಲು ನಾಲ್ಕು ಕಟ್ಟಿ ಆಮೇಲೆ ಐದನೇದನ್ನ ಸೇರಿಸಿದ್ದಾರೆ. ಅಲ್ಲಿನ ದ್ವಾರಪಾಲಕರ ಶಿಲ್ಪದ ಕೆಳಗೆ ಒಂದು ಹೆಸರಿದೆ, ರೂವಾರಿ ಮಲ್ಲಿತಮ್ಮ. ರೂವಾರಿ ಅಂದ್ರೆ ಶಿಲ್ಪಿ. ಇದೇ ಹೆಸರು ತರೀಕೆರೆ ಹತ್ರದ ಅಮೃತಪುರದಲ್ಲಿ ಸಿಗುತ್ತೆ, ನುಗ್ಗೇಹಳ್ಳಿಯಲ್ಲಿ ಸಿಗುತ್ತೆ, ಸೋಮನಾಥಪುರದಲ್ಲಂತೂ ಎಷ್ಟೋ ಶಿಲ್ಪಗಳ ಕೆಳಗೆ ಸಿಗುತ್ತೆ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ಪಟ್ಟಿಗೆ ಸೇರಿದ್ವು, ನಾವೆಲ್ಲ ಸ್ಟೇಟಸ್ ಹಾಕಿದ್ವಿ. ಆ ಸೋಮನಾಥಪುರದ ಶಿಲ್ಪಿಯ ಹೆಸರು ನಮ್ಮ ಕೆ.ಆರ್. ಪೇಟೆಯ ಹಳ್ಳಿಯೊಂದರಲ್ಲಿ ಬಾಗಿಲ ಪಕ್ಕ ಇದೆ. ತೋರಿಸೋಕೆ ಯಾರೂ ನಿಂತಿಲ್ಲ, ಅಷ್ಟೇ.

ಅಲ್ಲೇ ಕಿಕ್ಕೇರಿ. ಬ್ರಹ್ಮೇಶ್ವರ ದೇವಸ್ಥಾನ, 1171ನೇ ಇಸವಿಯದು. ಸಾಮಾನ್ಯವಾಗಿ ಯಾರನ್ನ ಕೇಳಿದ್ರೂ "ಹೊಯ್ಸಳ ರಾಜರು ಕಟ್ಟಿಸಿದ್ದು" ಅಂತಾರೆ. ಕಟ್ಟಿಸಿದ್ದು ರಾಜ ಅಲ್ಲ, ಬಮ್ಮವ್ವೆ ನಾಯಕಿತಿ ಅನ್ನೋ ಹೆಣ್ಣುಮಗಳು. ರಾಜನ ಹೆಸರು ಆ ಕಾಲವನ್ನ ಗುರುತಿಸೋಕೆ, ಖರ್ಚು ಮಾಡಿದ್ದು ಅವಳು.

ಇನ್ನೊಂದು ಅಗ್ರಹಾರ ಬಾಚಹಳ್ಳಿ, ಇದೂ ಕೆ.ಆರ್. ಪೇಟೆ ತಾಲ್ಲೂಕೇ. ದೇವಸ್ಥಾನದ ಮುಂದೆ ಕಂಬಗಳಿವೆ, ತುದಿಯಲ್ಲಿ ಆನೆಯ ಶಿಲ್ಪ. ಗೊತ್ತಿಲ್ಲದೆ ಹೋದ್ರೆ "ಚೆನ್ನಾಗಿದೆ" ಅಂತ ಫೋಟೋ ತೆಗೆದು ಬರ್ತೀವಿ. ಆ ಕಲ್ಲು ಹೇಳೋದು ಒಂದು ಮನೆತನದ ವಿಷಯ. ಅವರು ಹೊಯ್ಸಳ ರಾಜರ ಗರುಡರು. ರಾಜನ ಜೊತೆ ಬದುಕ್ತೀವಿ, ರಾಜ ಸತ್ರೆ ಜೊತೆಗೇ ಸಾಯ್ತೀವಿ ಅಂತ ಮಾತು ಕೊಟ್ಟವರು. ಒಬ್ಬ ರಾಜನಿಗೆ ಅಪ್ಪ, ಮುಂದಿನ ರಾಜನಿಗೆ ಮಗ, ಹೀಗೆ ತಲೆಮಾರುಗಟ್ಟಲೆ ಪ್ರಾಣ ಕೊಟ್ಟಿದ್ದಾರೆ. ಹೆಂಡತಿಯರೂ ಆಳುಗಳೂ ಜೊತೆಗೆ. ಇದನ್ನ ಹೆಮ್ಮೆ ಅನ್ನಬೇಕಾ, ಭಯ ಪಡಬೇಕಾ ಅಂತ ನಾನು ಹೇಳಲ್ಲ. ಆದ್ರೆ ಆ ಕಂಬದ ಮುಂದೆ ನಿಂತವರಿಗೆ ಅದು ಏನು ಅಂತಾದ್ರೂ ಗೊತ್ತಿರಬೇಕು. ಅಷ್ಟು ಜನ ಸತ್ತ ಕಲ್ಲಿನ ಮುಂದೆ ರೀಲ್ಸ್ ಮಾಡಿ ಹೊರಡೋದು ಸರಿ ಕಾಣಲ್ಲ.

ಹಾಗಾದ್ರೆ ಈ ಊರುಗಳಿಗೆ ಗೈಡ್ ಯಾರು? ಪುಸ್ತಕ. ಬಿ.ಎಲ್. ರೈಸ್ ಅನ್ನೋರು 1886ರಿಂದ 1905ರ ಒಳಗೆ ಹಳೇ ಮೈಸೂರಿನ ಜಿಲ್ಲೆ ಜಿಲ್ಲೆಯ ಶಾಸನಗಳನ್ನ 12 ಸಂಪುಟಗಳಲ್ಲಿ ಪ್ರಿಂಟ್ ಮಾಡಿಸಿದ್ರು. ಹೆಸರು ಎಪಿಗ್ರಾಫಿಯಾ ಕರ್ನಾಟಿಕಾ. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಇದನ್ನ ಪರಿಷ್ಕರಿಸಿ ಹೊಸದಾಗಿ ತಂತು. ಅದರ 6ನೇ ಸಂಪುಟದಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳಿವೆ. ನಾಗಮಂಗಲ 7ನೇದರಲ್ಲಿ. ಶಾಸನದ ಪಾಠ ಕನ್ನಡ ಲಿಪಿಯಲ್ಲೇ ಇದೆ, ಊರಿನ ಪ್ರಕಾರ ನಂಬರ್ ಹಾಕಿದ್ದಾರೆ. ಸ್ಕ್ಯಾನ್ ಮಾಡಿದ ಪ್ರತಿಗಳು ಆನ್‌ಲೈನ್‌ನಲ್ಲಿ ಸಿಗುತ್ತೆ. ಫೋನಲ್ಲಿ ಇಟ್ಕೊಂಡು ಹೋಗಿ, ಸಿಗ್ನಲ್ ಇಲ್ಲದಿದ್ರೂ ಪರವಾಗಿಲ್ಲ.

ನಾನು ಓದಿದ್ದು ಬಿ.ಕಾಂ, ಇತಿಹಾಸ ಅಲ್ಲ. ಆದ್ರೆ ಶಾಸನ ನೋಡಿದಾಗ ನನಗೆ ಅನ್ಸೋದು, ಇದು ವೋಚರ್ ಥರಾನೇ ಇದೆಯಲ್ಲ ಅಂತ. ತಾರೀಕು ಇರುತ್ತೆ. ಕೊಟ್ಟವರು ಯಾರು, ಯಾರಿಗೆ, ಎಷ್ಟು ಭೂಮಿ, ಗಡಿ ಎಲ್ಲಿಂದ ಎಲ್ಲಿಗೆ, ಸಾಕ್ಷಿ ಯಾರು, ಎಲ್ಲ ಇರುತ್ತೆ. ಕೊನೆಗೆ, ಇದನ್ನ ಕೆಡಿಸಿದವರಿಗೆ ಗಂಗೆಯ ದಡದಲ್ಲಿ ಹಸು ಕೊಂದ ಪಾಪ ಬರಲಿ ಅಂತ ಶಾಪ. ಅದು ಪೆನಾಲ್ಟಿ ಕ್ಲಾಸ್. ಆಡಿಟ್ ಮಾಡೋರಿಗೆ ಒಂದು ಅಭ್ಯಾಸ ಇರುತ್ತೆ, ಯಾರು ಏನೇ ಹೇಳಲಿ, "ವೋಚರ್ ತೋರ್ಸಿ" ಅಂತಾರೆ. ಹಳೇ ಜಾಗಕ್ಕೆ ಹೋದಾಗಲೂ ಅದೇ ಅಭ್ಯಾಸ ಸಾಕು.

ಓದೋಕೆ ಬರಲ್ಲ ಅನ್ನೋರಿಗೆ ನಾಲ್ಕು ಸುಲಭದ ಗುರುತು. ಕಲ್ಲಿನ ಮೇಲ್ಗಡೆ ಸೂರ್ಯ, ಚಂದ್ರ ಇದ್ರೆ, ಅವು ಇರೋವರೆಗೂ ಈ ದಾನ ಉಳೀಲಿ ಅಂತ. ವೀರಗಲ್ಲನ್ನ ಕೆಳಗಿಂದ ಮೇಲಕ್ಕೆ ಓದಬೇಕು. ಕೆಳಗೆ ಹೋರಾಟ, ನಡುವೆ ಅಪ್ಸರೆಯರು ವೀರನನ್ನ ಕರ್ಕೊಂಡು ಹೋಗೋದು, ಮೇಲೆ ಸ್ವರ್ಗ. ಬಳೆ ತೊಟ್ಟ ಎತ್ತಿದ ಕೈ ಇದ್ರೆ ಅದು ಮಾಸ್ತಿಕಲ್ಲು. ಶಕ ವರ್ಷ ಅಂತ ಬರೆದಿದ್ರೆ 78 ಕೂಡಿಸಿ, ಇಸವಿ ಬರುತ್ತೆ. ಶಕ 1190 ಅಂದ್ರೆ 1268.

ವೋಚರ್ ಇಲ್ಲದ ಕಡೆ? ಅದೂ ಇದೆ. ಕೆ.ಆರ್. ಪೇಟೆ ಪಕ್ಕದ ಹೊಸಹೊಳಲು ಲಕ್ಷ್ಮೀನಾರಾಯಣ ದೇವಸ್ಥಾನವನ್ನ ಶೈಲಿ ನೋಡಿ 13ನೇ ಶತಮಾನದ ಮಧ್ಯಭಾಗ ಅಂತ ವಿದ್ವಾಂಸರು ಗುರುತಿಸಿದ್ದಾರೆ. ಅಲ್ಲಿ ನಿಮ್ಮ ಕಣ್ಣೇ ಗೈಡ್. ಪ್ರದಕ್ಷಿಣೆ ಹಾಕೋ ದಿಕ್ಕಲ್ಲೇ ನಿಧಾನವಾಗಿ ಸುತ್ತು ಬನ್ನಿ. ತಳದಲ್ಲಿ ಆನೆ, ಮೇಲೆ ಕುದುರೆ, ಬಳ್ಳಿ, ಆಮೇಲೆ ರಾಮಾಯಣ ಮಹಾಭಾರತ, ಮಕರ, ಹಂಸ. ಗೈಡ್ ಅವಸರ ಇಲ್ಲದ ಕಾರಣ ಒಂದು ಗೋಡೆಗೆ ಒಂದು ಗಂಟೆ ಕೊಟ್ರೂ ಕೇಳೋರಿಲ್ಲ. ಒಬ್ಬರೇ ಹೋಗೋದರ ಸುಖ ಇದು.

ಆದ್ರೆ ಒಬ್ಬರೇ ಹೋಗೋದರಲ್ಲಿ ಒಂದು ಹೊಣೆಯೂ ಇದೆ. 2019ರಲ್ಲಿ ಹಂಪಿಯಲ್ಲಿ ಯುವಕರು ಕಂಬ ಬೀಳಿಸಿದ ವಿಡಿಯೋ ನೆನಪಿದೆಯಾ? ಕೋರ್ಟ್ ನಾಲ್ಕು ಜನಕ್ಕೆ ತಲಾ 70 ಸಾವಿರ ದಂಡ ಹಾಕಿ, ಅದೇ ಕಂಬವನ್ನ ಅವರ ಕೈಯಲ್ಲೇ ಎತ್ತಿ ನಿಲ್ಲಿಸ್ತು. ಅಲ್ಲಿ ವಿಡಿಯೋ ಇತ್ತು, ಸಿಕ್ಕಿಬಿದ್ರು. ಹಳ್ಳಿಗಳಲ್ಲಿ ರಾತ್ರೋರಾತ್ರಿ ನಿಧಿ ಆಸೆಗೆ ಗರ್ಭಗುಡಿ ಅಗೆಯೋರು ಎಷ್ಟೋ ಸಲ ಸಿಗೋದೇ ಇಲ್ಲ. ಅದಕ್ಕೇ ಸಿಂಧಘಟ್ಟದಂಥ ಊರಲ್ಲಿ ಜಗಲಿ ಮೇಲೆ ಕೂತವರು "ಯಾರಪ್ಪ, ಯಾವೂರು?" ಅಂದ್ರೆ ಬೇಜಾರು ಮಾಡ್ಕೋಬೇಡಿ. ಆ ದೇವಸ್ಥಾನಕ್ಕಿರೋ ಕಾವಲು ಅವರೇ. ಹೆಸರು ಹೇಳಿ, ಕೂತ್ಕೊಳ್ಳಿ, ಮಾತಾಡಿ. ಯಾವ ಹೊಲದಲ್ಲಿ ಯಾವ ಕಲ್ಲು ಇದೆ ಅನ್ನೋದು ಅವರಿಗೆ ಗೊತ್ತು, ಗೂಗಲ್‌ಗೆ ಗೊತ್ತಿಲ್ಲ.

ಒಟ್ಟು ಲೆಕ್ಕ ಇಷ್ಟು. ಶ್ರೀರಂಗಪಟ್ಟಣ, ಬೇಲೂರು, ಹಂಪಿಯಂಥ ದೊಡ್ಡ ಜಾಗಕ್ಕೆ ಮೊದಲ ಸಲ ಹೋಗ್ತಿದ್ರೆ ಗುರುತಿನ ಚೀಟಿ ಇರೋ ಗೈಡ್ ತಗೊಳ್ಳಿ, ರೇಟ್ ಮೊದಲೇ ಮಾತಾಡಿ. ಕಥೆ ಪೂರ್ತಿ ಕೇಳಿ, ಚಪ್ಪಾಳೆನೂ ತಟ್ಟಿ. ಆಮೇಲೆ ಒಂದೇ ಒಂದು ಪ್ರಶ್ನೆ ಮರ್ಯಾದೆಯಿಂದ ಕೇಳಿ: "ಇದು ಎಲ್ಲಿ ಬರೆದಿದೆ, ತೋರಿಸ್ತೀರಾ?" ಒಳ್ಳೇ ಗೈಡ್ ಮುಖ ಅರಳುತ್ತೆ, ನೇರ ಆ ಕಲ್ಲಿನ ಹತ್ರ ಕರ್ಕೊಂಡು ಹೋಗ್ತಾರೆ. ನಾವು ಹತ್ತು ಜನ ಕೇಳೋಕೆ ಶುರು ಮಾಡಿದ್ರೆ, ಹನ್ನೊಂದನೇ ಗುಂಪಿಗೆ ಅವರು ತಾವಾಗೇ ದಾಸೋಜನ ಹೆಸರು ಹೇಳ್ತಾರೆ. ಚಿಕ್ಕ ಊರುಗಳಿಗೆ ಸಂಪುಟ ಓದ್ಕೊಂಡು ನೀವೇ ಹೋಗಿ.

ಈ ವಾರ ರಜೆ ಸಿಕ್ರೆ ಗೋವಿಂದನಹಳ್ಳಿಗೆ ಹೋಗಿ, ದ್ವಾರಪಾಲಕರ ಪಾದದ ಹತ್ರ ಬಗ್ಗಿ ನೋಡಿ. ಅಕ್ಷರ ಸಿಕ್ರೆ ಮುಟ್ಟಬೇಡಿ, ಸುಣ್ಣ ಬಳಿಯಬೇಡಿ. ಫೋಟೋ ತೆಗೆದು ನನಗೆ ಕಳಿಸಿ, ಜೊತೆಗೆ ಜೋರಾಗಿ ಒಂದು ಸಲ ಓದಿ: ಮಲ್ಲಿತಮ್ಮ. ಸುಮಾರು 800 ವರ್ಷದ ಹಿಂದಿನ ಸಹಿ ಅದು, ಓದೋರಿಗೆ ಅಂತಾನೇ ಹಾಕಿದ್ದು.