ಚಳಿಗಾಲದ ಪ್ರವಾಸ: ಅರಕು, ಲಂಬಸಿಂಗಿಗೆ ಹೋಗುವುದು ಹೇಗೆ?

ಮಂಜು ಕವಿದ ಬೆಟ್ಟ ನೋಡಲು ಹಿಮಾಲಯಕ್ಕೇ ಹೋಗಬೇಕಿಲ್ಲ. ಆಂಧ್ರಪ್ರದೇಶದ ಉತ್ತರ ಭಾಗದ ಅಲ್ಲೂರಿ ಸೀತಾರಾಮರಾಜು ಜಿಲ್ಲೆಯಲ್ಲಿರುವ ಅರಕು ಕಣಿವೆ ಮತ್ತು ಲಂಬಸಿಂಗಿಗೆ ಡಿಸೆಂಬರ್, ಜನವರಿ ಸೂಕ್ತ ಕಾಲ. ಬೆಂಗಳೂರಿನ ಪ್ರಶಾಂತಿ ಎಕ್ಸ್‌ಪ್ರೆಸ್ ವಿಜಯವಾಡ ಮಾರ್ಗವಾಗಿ ವಿಶಾಖಪಟ್ಟಣ ತಲುಪುತ್ತದೆ.

ಅರಕು ವಿಶಾಖಪಟ್ಟಣದಿಂದ ಸುಮಾರು 115 ಕಿ.ಮೀ. ಬೆಳಗ್ಗೆ ಹೊರಡುವ ಕಿರಂದೂಲ್ ರೈಲು ಸಾಲು ಸಾಲು ಸುರಂಗ ದಾಟಿ ಘಟ್ಟ ಹತ್ತುತ್ತದೆ. ಈ ಮಾರ್ಗದಲ್ಲಿ 2017ರಲ್ಲಿ ಆರಂಭವಾದ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯಲ್ಲಿ ಸೀಟು ಕಡಿಮೆ, ಮುಂಚೆಯೇ ಕಾಯ್ದಿರಿಸುವುದು ಒಳ್ಳೆಯದು. ಬೊರ್ರಾ ಗುಹೆ ನೋಡುವವರು ಅರಕುವಿಗಿಂತ ಮೊದಲೇ ಸಿಗುವ ಬೊರ್ರಾ ಗುಹಲು ನಿಲ್ದಾಣದಲ್ಲಿ ಇಳಿಯಬೇಕು. ವಾಪಸ್ ರಸ್ತೆಯಲ್ಲಿ ಬಂದರೆ ಅನಂತಗಿರಿಯ ಕಾಫಿ ತೋಟಗಳನ್ನೂ ನೋಡಬಹುದು.

'ಆಂಧ್ರದ ಕಾಶ್ಮೀರ' ಎಂದು ಕರೆಸಿಕೊಳ್ಳುವ ಲಂಬಸಿಂಗಿ ಸುಮಾರು 1,000 ಮೀಟರ್ ಎತ್ತರದಲ್ಲಿದೆ. ಹೆಸರು ಕೇಳಿ ಹಿಮದಲ್ಲಿ ಆಡಬಹುದು ಎಂದುಕೊಂಡು ಹೋದವರಿಗೆ ನಿರಾಸೆ ಖಚಿತ. ಇಲ್ಲಿ ಸಿಗುವುದು ದಟ್ಟ ಮಂಜು, ಕೆಲವೊಮ್ಮೆ ಸೊನ್ನೆಯ ಸಮೀಪಕ್ಕೆ ಇಳಿಯುವ ತಾಪಮಾನ. ಅದೂ ಬಿಸಿಲೇರಿದರೆ ಮುಗಿಯಿತು. ಹಾಗಾಗಿ ಬೆಳಗ್ಗೆ ವಿಶಾಖಪಟ್ಟಣ ಬಿಟ್ಟು ಮಧ್ಯಾಹ್ನ ತಲುಪುವುದು ವ್ಯರ್ಥ. ಹಿಂದಿನ ರಾತ್ರಿಯೇ ಲಂಬಸಿಂಗಿ ಇಲ್ಲವೇ ಘಟ್ಟದ ಕೆಳಗಿನ ನರ್ಸೀಪಟ್ಟಣದಲ್ಲಿ ತಂಗಿ, ಸೂರ್ಯೋದಯಕ್ಕೆ ಮುನ್ನ ಅಲ್ಲಿರಬೇಕು. ವಿಜಯವಾಡ ಕಡೆಯಿಂದ ಬರುವವರು ವಿಶಾಖಪಟ್ಟಣದವರೆಗೆ ಹೋಗಬೇಕಿಲ್ಲ, ತುನಿಯಲ್ಲಿ ಇಳಿದು ನರ್ಸೀಪಟ್ಟಣದ ಮೂಲಕ ಹೋದರೆ ಹತ್ತಿರ.

ಎರಡೂ ಊರುಗಳನ್ನು ಒಂದೇ ದಿನದಲ್ಲಿ ಮುಗಿಸುವ ಯೋಜನೆ ಬೇಡ. ನಡುವೆ ಪಾಡೇರು ಮಾರ್ಗದ ತಿರುವುಗಳ ಘಾಟ್ ರಸ್ತೆಯಿದೆ. ಕನಿಷ್ಠ ಎರಡು ರಾತ್ರಿ ಇಟ್ಟುಕೊಳ್ಳಿ. ವಿಶಾಖಪಟ್ಟಣದ ಕಡಲತೀರದಲ್ಲಿ ಸ್ವೆಟರ್ ಅಗತ್ಯವೇ ಅನಿಸದು, ಆದರೂ ಬ್ಯಾಗಿನಲ್ಲಿರಲಿ.