ಗಾಯ ಮಾಯುವ ಮುನ್ನ ಚಿತ್ರ ತೆಗೆಯಬಹುದೇ?

ದೇಶಕ್ಕೆ ದೊಡ್ಡದೊಂದು ಆಪತ್ತು ಬಂದು ಹೋದ ಮೇಲೆ, ಅದರ ಕಥೆಯನ್ನು ಬೆಳ್ಳಿತೆರೆಗೆ ತರಲು ಯಾರಾದರೂ ಹೊರಟರೆ ಸಾಕು, ಹಳೆಯ ವಾದವೊಂದು ಮತ್ತೆ ಎದ್ದು ನಿಲ್ಲುತ್ತದೆ. "ಇನ್ನೂ ಕಣ್ಣೀರು ಆರಿಲ್ಲ, ಇಷ್ಟು ಬೇಗ ಏಕೆ? ಸತ್ತವರ ಮನೆಯ ದುಃಖ ಟಿಕೆಟು ಮಾರುವ ಸರಕೇ?" ಎಂದು ಒಂದು ಪಕ್ಷದವರು ಕೇಳುತ್ತಾರೆ. "ಈಗ ಹೇಳದಿದ್ದರೆ ಇನ್ನು ಯಾವಾಗ? ಎಲ್ಲರೂ ಮರೆತ ಮೇಲೆ ಹೇಳಿ ಏನು ಫಲ?" ಎಂದು ಇನ್ನೊಂದು ಪಕ್ಷದವರು ಕೇಳುತ್ತಾರೆ. ಎರಡು ಮಾತುಗಳಲ್ಲೂ ಹುರುಳಿದೆ. ಆದುದರಿಂದ ಇದನ್ನು ಬರಿಯ ಅಭಿಪ್ರಾಯಗಳ ಜಗಳವಾಗಲು ಬಿಡದೆ, ನಮ್ಮ ದೇಶದ ಚಲಚ್ಚಿತ್ರ ಚರಿತ್ರೆಯಲ್ಲಿ ಈ ಸಂಗತಿ ಹೇಗೆ ನಡೆದುಬಂತೆಂಬುದನ್ನು ನೋಡುವುದು ಲೇಸೆಂದು ನಮಗೆ ತೋರುತ್ತದೆ. ಈ ಚರಿತ್ರೆಯ ಒಂದು ಮುಖ್ಯ ಅಧ್ಯಾಯವನ್ನು ಬರೆದವರು ಮೈಸೂರಿನಿಂದ ಮುಂಬಯಿಗೆ ಬಂದ ನಮ್ಮವರೇ ಒಬ್ಬರು ಎಂಬುದೂ ನಾವು ಈ ವಿಷಯವನ್ನು ಎತ್ತಿಕೊಳ್ಳಲು ಕಾರಣ.

ಮೊದಲು ಬಂಗಾಲದ ಬರಗಾಲ. ೧೯೪೩ರಲ್ಲಿ ಯುದ್ಧದ ನಡುವೆ ಬಂಗಾಲದ ಹಳ್ಳಿಗಳಲ್ಲಿ ಅಕ್ಕಿಯ ಬೆಲೆ ಬಡವರ ಕೈಗೆ ಎಟುಕದಷ್ಟು ಏರಿತು. ಹಳ್ಳಿಯ ಜನ ಗಂಜಿಯನ್ನು ಬೇಡುತ್ತ ಕಲಕತ್ತೆಗೆ ನಡೆದುಬಂದು, ಅದರ ಬೀದಿಗಳಲ್ಲಿಯೇ ಪ್ರಾಣ ಬಿಟ್ಟರು. ಸರಕಾರವೇ ನೇಮಿಸಿದ ವಿಚಾರಣಾ ಆಯೋಗ ೧೯೪೫ರಲ್ಲಿ ಸತ್ತವರ ಸಂಖ್ಯೆಯನ್ನು ಸುಮಾರು ೧೫ ಲಕ್ಷವೆಂದು ಹೇಳಿತು. ಅಮರ್ತ್ಯ ಸೇನರಂಥ ವಿದ್ವಾಂಸರು ಮುಂದೆ ಇಟ್ಟ ಲೆಕ್ಕ ೩೦ ಲಕ್ಷದ ಹತ್ತಿರ ಬರುತ್ತದೆ. ಅದೇ ೧೯೪೩ರಲ್ಲಿ ಮುಂಬಯಿಯಲ್ಲಿ ಹುಟ್ಟಿದ 'ಇಪ್ಟಾ', ಅಂದರೆ ಭಾರತೀಯ ಜನನಾಟ್ಯ ಸಂಘ, ಈ ಸಂಕಟವನ್ನು ಮೊದಲು ರಂಗದ ಮೇಲೆ ತಂದಿತು. ಬಿಜನ್ ಭಟ್ಟಾಚಾರ್ಯರ 'ನವಾನ್ನ' ನಾಟಕ ೧೯೪೪ರಲ್ಲಿ ಆಡಲ್ಪಟ್ಟಿತು. ಅದರ ಆಧಾರದ ಮೇಲೆ ಖ್ವಾಜಾ ಅಹಮದ್ ಅಬ್ಬಾಸರು 'ಧರ್ತಿ ಕೆ ಲಾಲ್' ಎಂಬ ಚಿತ್ರವನ್ನು ತೆಗೆದರು. ಅದು ೧೯೪೬ರಲ್ಲಿ ಹೊರಬಂದಿತು. ರವಿಶಂಕರರ ಸಂಗೀತ, ಶಂಭು ಮಿತ್ರ, ತೃಪ್ತಿ ಮಿತ್ರ, ಬಲರಾಜ್ ಸಾಹನಿ ಅವರ ಅಭಿನಯ. ಬರಗಾಲಕ್ಕೂ ಚಿತ್ರಕ್ಕೂ ನಡುವಿನ ಅಂತರ ಬರಿಯ ಮೂರು ವರ್ಷ.

ಎರಡನೆಯದು ೧೯೬೨ರ ಚೀನಾ ಯುದ್ಧ. ಆ ಸೋಲು ದೇಶದ ಮನಸ್ಸನ್ನು ಎಷ್ಟು ಕುಗ್ಗಿಸಿತೆಂಬುದನ್ನು ನಮ್ಮ ಹಿರಿಯರು ಬಲ್ಲರು. ಎರಡೇ ವರ್ಷಗಳಲ್ಲಿ, ೧೯೬೪ರಲ್ಲಿ, ಚೇತನ್ ಆನಂದರ 'ಹಕೀಕತ್' ತೆರೆಗೆ ಬಂತು. ಪಂಜಾಬ ಸರಕಾರ ಹಣದ ನೆರವು ನೀಡಿತು, ಸೈನ್ಯ ಸಹಕರಿಸಿತು, ಲಡಾಖದ ಹಿಮದಲ್ಲಿ ಚಿತ್ರೀಕರಣ ನಡೆಯಿತು. ಇಲ್ಲಿಯೂ ಬಲರಾಜ್ ಸಾಹನಿ ಇದ್ದರು. ಕಲಾನಿರ್ದೇಶಕರಾಗಿದ್ದವರು ನಮ್ಮ ಮೈಸೂರಿನ ಎಂ. ಎಸ್. ಸತ್ಯು, ಈ ಕೆಲಸಕ್ಕೆ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ದೊರೆಯಿತು. ಗಂಡನನ್ನು, ಮಗನನ್ನು ಕಳೆದುಕೊಂಡ ಮನೆಗಳು ಆಗ ದೇಶದ ತುಂಬ ಇದ್ದವು. ಆದರೂ ಆ ಚಿತ್ರವನ್ನು ಜನ ತಮ್ಮದೆಂದೇ ಬರಮಾಡಿಕೊಂಡರು.

ಈಗ ದೇಶವಿಭಜನೆಯ ಮಾತು. ಒಂದು ಕೋಟಿಗೂ ಮೀರಿದ ಜನ ಮನೆಮಠ ಬಿಟ್ಟರು, ಲಕ್ಷಾಂತರ ಮಂದಿ ಸತ್ತರು. ಇಷ್ಟು ದೊಡ್ಡ ದುರಂತ ನಮ್ಮ ಚಿತ್ರಗಳಲ್ಲಿ ಎಷ್ಟು ಕಾಣಬೇಕಾಗಿತ್ತು! ಬಂಗಾಲದಲ್ಲಿ ನಿಮಾಯ್ ಘೋಷರು ೧೯೫೦ರಲ್ಲಿಯೇ 'ಛಿನ್ನಮೂಲ್' ತೆಗೆದರು. ಸಿಯಾಲ್ದಾ ನಿಲ್ದಾಣದಲ್ಲಿ ಬಿಡಾರ ಹೂಡಿದ್ದ ನಿಜವಾದ ನಿರಾಶ್ರಿತರೇ ಅದರಲ್ಲಿ ಕಾಣಿಸಿಕೊಂಡರು. ಆಮೇಲೆ ಋತ್ವಿಕ್ ಘಟಕರು ತಮ್ಮ ಬಾಳನ್ನೇ ಆ ನೋವಿಗೆ ಮೀಸಲಿಟ್ಟರು. ಹಿಂದಿಯಲ್ಲಿಯೂ ೧೯೪೯ರ 'ಲಾಹೋರ್', ೧೯೬೦ರ 'ಛಲಿಯಾ', ೧೯೬೧ರ 'ಧರ್ಮಪುತ್ರ' ಎಂದು ಕೆಲವನ್ನು ಎಣಿಸಬಹುದು. ಆದರೆ ಪಂಜಾಬ, ಸಿಂಧ್‌ಗಳಿಂದ ಬಂದ ಎಷ್ಟೋ ಮಂದಿ ಮುಂಬಯಿಯ ಸ್ಟುಡಿಯೋಗಳಲ್ಲಿ ದುಡಿಯುತ್ತಿದ್ದರೂ ಆ ಸ್ಟುಡಿಯೋಗಳು ಬಹುಮಟ್ಟಿಗೆ ಮೌನವಾಗಿಯೇ ಇದ್ದವು. ಕಂಡವರಿಗೆ ಮಾತು ಬರಲಿಲ್ಲ. ಹಣ ಹಾಕುವವರಿಗೆ ಧೈರ್ಯ ಬರಲಿಲ್ಲ.

ಆ ಮೌನವನ್ನು ಮುರಿದವರಲ್ಲಿ ಸತ್ಯು ಮುಖ್ಯರು. ೧೯೩೦ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು ಬಿ.ಎಸ್‌ಸಿ. ಓದನ್ನು ನಡುವೆಯೇ ಬಿಟ್ಟು ಮುಂಬಯಿಗೆ ಬಂದು, ಇಪ್ಟಾದ ನಾಟಕಗಳಲ್ಲಿ ದುಡಿದರು. ವಿಭಜನೆಯ ಬೆಂಕಿ ಮೈಸೂರಿನ ಮನೆಗಳನ್ನು ಪಂಜಾಬಿನಲ್ಲಿ ಸುಟ್ಟಂತೆ ಸುಟ್ಟಿರಲಿಲ್ಲ. ದೂರದಿಂದ ಬಂದ ಕಣ್ಣಿಗೇ ಕೆಲವು ಸಲ ಸ್ಪಷ್ಟವಾಗಿ ಕಾಣುತ್ತದೆಯೋ ಏನೋ! ಇಸ್ಮತ್ ಚುಗ್ತಾಯಿ ಅವರ ಅಪ್ರಕಟಿತ ಕಥೆಯೊಂದನ್ನು ಕೈಫಿ ಆಜ್ಮಿ ಮತ್ತು ಶಮಾ ಜೈದಿ ಚಿತ್ರಕಥೆಯಾಗಿ ಬೆಳೆಸಿದರು. ಸರಕಾರದ ಫಿಲ್ಮ್ ಫೈನಾನ್ಸ್ ಕಾರ್ಪೊರೇಶನ್ ಎರಡೂವರೆ ಲಕ್ಷ ರೂಪಾಯಿ ಸಾಲ ಕೊಟ್ಟಿತು. ಉಳಿದದ್ದನ್ನು ಗೆಳೆಯರಿಂದ ಹೊಂದಿಸಿಕೊಂಡದ್ದಾಯಿತು. ಹೀಗೆ ಹುಟ್ಟಿತು 'ಗರಮ್ ಹವಾ'.

ಚಿತ್ರದ ಕಥೆಯನ್ನು ವಾಚಕರಲ್ಲಿ ಅನೇಕರು ಬಲ್ಲರು. ಗಾಂಧೀಜಿಯವರ ಹತ್ಯೆಯ ನಂತರದ ದಿನಗಳು. ಆಗ್ರಾದಲ್ಲಿ ಪಾದರಕ್ಷೆ ತಯಾರಿಸುವ ಸಲೀಂ ಮಿರ್ಜಾ ಬಂಧುಗಳನ್ನೆಲ್ಲ ಒಬ್ಬೊಬ್ಬರಾಗಿ ರೈಲು ಹತ್ತಿಸಿ, ಟಾಂಗಾದಲ್ಲಿ ಮನೆಗೆ ಮರಳುತ್ತಾನೆ. "ಇವನೂ ನಾಳೆ ಓಡಿಹೋಗುವವನೇ" ಎಂಬ ಅನುಮಾನದಿಂದ ಅವನಿಗೆ ಯಾರೂ ಸಾಲ ಕೊಡರು. ಹಿರಿಯರ ಹವೇಲಿ ಅಣ್ಣನ ಹೆಸರಿನಲ್ಲಿದೆ; ಅಣ್ಣ ಪಾಕಿಸ್ತಾನಕ್ಕೆ ಹೋದುದರಿಂದ ಕಾಯದೆಯ ಪ್ರಕಾರ ಅದು ಬಿಟ್ಟುಹೋದವರ ಆಸ್ತಿಯಾಗಿ, ಸಿಂಧ್‌ನಿಂದ ಬಂದ ನಿರಾಶ್ರಿತ ವ್ಯಾಪಾರಿಗೆ ಸಲ್ಲುತ್ತದೆ. ಮುದಿ ತಾಯಿ ಮಾತ್ರ ಮನೆ ಬಿಡಲೊಲ್ಲದೆ ಅಡಗಿ ಕೂರುತ್ತಾಳೆ. ಕೊನೆಗೆ ಸಾಯುವ ಹೊತ್ತಿಗೆ ಅವಳನ್ನು ಹೊತ್ತು ಅದೇ ಮನೆಗೆ ತರುತ್ತಾರೆ. ಕೊಲೆ, ರಕ್ತ ಈ ಚಿತ್ರದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಒಂದು ಮನೆ ಹೇಗೆ ಬರಿದಾಗುತ್ತ ಹೋಗುತ್ತದೆ ಎಂಬುದಷ್ಟೇ ಅದರ ವಸ್ತು. ಊರು ಬಿಟ್ಟು ಬಂದವರಾದ ನಮಗೆ ಈ ನೋವಿನ ಅಂಚು ಸ್ವಲ್ಪ ತಾಗದಿರದು. ಆದರೆ ನಾವು ಬಂದದ್ದು ನಮ್ಮ ಇಚ್ಛೆಯಿಂದ. ಊರ ಮನೆಯ ಕದ ನಮಗೆ ತೆರೆದೇ ಇದೆ. ಹಬ್ಬಕ್ಕೆ ಹೋಗಿ ಬರುತ್ತೇವೆ. ಆ ಮುದುಕಿಗೆ ಅದೂ ಇರಲಿಲ್ಲ.

ಇನ್ನೊಂದು ಸಂಗತಿ ಗಮನಿಸಬೇಕು. ಸಲೀಂ ಮಿರ್ಜಾ ಆದವರು ಬಲರಾಜ್ ಸಾಹನಿ. ಅವರದು ಪಾಕಿಸ್ತಾನಕ್ಕೆ ಸೇರಿಹೋದ ರಾವಳಪಿಂಡಿ. ಸಿಂಧಿ ನಿರಾಶ್ರಿತನಾದವರು ಎ. ಕೆ. ಹಂಗಲ್. ಹೆಸರು ಕೇಳಿ ನಮ್ಮ ಹಾನಗಲ್ಲಿನವರಿರಬೇಕೆಂದು ಕನ್ನಡಿಗರು ಭ್ರಮಿಸುವುದುಂಟು. ಅವರು ಕಾಶ್ಮೀರಿ ಮನೆತನದವರು. ಕರಾಚಿಯಲ್ಲಿ ಸೆರೆವಾಸ ಅನುಭವಿಸಿ, ೧೯೪೯ರಲ್ಲಿ ಮುಂಬಯಿಗೆ ಬಂದವರು. ಮನೆ ಕಳೆದುಕೊಂಡವರೇ, ಮನೆ ಕಳೆದುಕೊಂಡವರ ಪಾತ್ರಗಳನ್ನು ಧರಿಸಿದ್ದರು. ಬಲರಾಜರು ತಮ್ಮ ಧ್ವನಿಮುದ್ರಣ ಮುಗಿಸಿದ ಮರುದಿನವೇ, ೧೯೭೩ರ ಏಪ್ರಿಲ್ ೧೩ರಂದು, ತೀರಿಕೊಂಡರು. ಬಿಡುಗಡೆಯನ್ನು ಅವರು ಕಾಣಲಿಲ್ಲ.

ಇಪ್ಪತ್ತಾರು ವರ್ಷ ಕಳೆದಿದ್ದರೂ 'ಬೇಗವಾಯಿತು' ಎಂಬ ಮಾತು ಈ ಚಿತ್ರಕ್ಕೆ ತಪ್ಪಲಿಲ್ಲ. ಆಗ್ರಾದಲ್ಲಿ ಪ್ರತಿಭಟನೆ ನಡೆದಾಗ, ಗುಂಪನ್ನು ಬೇರೆಡೆಗೆ ಸೆಳೆಯಲು ಫಿಲ್ಮು ಇಲ್ಲದ ಕ್ಯಾಮರಾ ಹಿಡಿದ ಇನ್ನೊಂದು ತಂಡವನ್ನು ಕಳಿಸಬೇಕಾಯಿತು. ಕೋಮುಗಲಭೆ ಆದೀತೆಂದು ಸೆನ್ಸಾರ್ ಮಂಡಳಿ ತಿಂಗಳುಗಟ್ಟಲೆ ತಡೆಹಿಡಿಯಿತು. ಕೊನೆಗೆ ೧೯೭೪ರಲ್ಲಿ ಅದು ಮೊದಲು ಪ್ರದರ್ಶನ ಕಂಡದ್ದು ಬೆಂಗಳೂರಿನ ಸಾಗರ್ ಮತ್ತು ಸಂಗೀತ್ ಚಿತ್ರಮಂದಿರಗಳಲ್ಲಿ. ಅಲ್ಲಿ ಜನ ಶಾಂತವಾಗಿ ಕುಳಿತು ನೋಡಿದರು. ಅದರಿಂದಲೇ ದೇಶದ ಬೇರೆ ಊರುಗಳಿಗೆ ಬಾಗಿಲು ತೆರೆಯಿತು. ಮುಂಬಯಿಯಲ್ಲಿ ಬೆದರಿಕೆ ಬಂದಾಗ, ಆಕ್ಷೇಪಿಸಿದವರಿಗೇ ಮೊದಲು ಚಿತ್ರ ತೋರಿಸಿ, ಆಮೇಲೆ ಕೊಲಾಬಾದ ರೀಗಲ್‌ನಲ್ಲಿ ಬಿಡುಗಡೆ ಮಾಡಲಾಯಿತು. ಭಯಪಟ್ಟ ಗಲಭೆ ಆಗಲಿಲ್ಲ. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ಪ್ರಶಸ್ತಿಯೇ ಅದಕ್ಕೆ ಬಂದಿತು.

ಬಲರಾಜರ ತಮ್ಮ ಭೀಷ್ಮ ಸಾಹನಿ ೧೯೪೭ರಲ್ಲಿ ರಾವಳಪಿಂಡಿಯ ಗಲಭೆಯನ್ನು ಕಣ್ಣಾರೆ ಕಂಡವರು. ಬಹುಕಾಲ ಅವರು ಅದನ್ನು ಬರೆಯಲಿಲ್ಲ. ೧೯೭೦ರಲ್ಲಿ ನಮ್ಮ ಪಕ್ಕದ ಭಿವಂಡಿಯಲ್ಲಿ ಗಲಭೆಯಾದಾಗ ಅಲ್ಲಿಗೆ ಹೋದರು. ಸುಟ್ಟ ಓಣಿಗಳ ನಡುವೆ ನಿಂತಾಗ ರಾವಳಪಿಂಡಿ ಮತ್ತೆ ನೆನಪಾಯಿತು. ಅದರಿಂದ ಹುಟ್ಟಿದ 'ತಮಸ್' ಕಾದಂಬರಿಗೆ ೧೯೭೫ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಅದನ್ನು ದೂರದರ್ಶನಕ್ಕೆ ಚಿತ್ರಿಸಿದವರು ಗೋವಿಂದ ನಿಹಲಾನಿ. ಅವರೂ ಬಾಲ್ಯದಲ್ಲಿ ಕರಾಚಿ ಬಿಟ್ಟು ಬಂದವರೇ. ಗಿರೀಶ ಕಾರ್ನಾಡರ 'ಕಾಡು' ಚಿತ್ರದ ಛಾಯಾಗ್ರಾಹಕರೆಂದು ಕನ್ನಡಿಗರಿಗೆ ಪರಿಚಿತರು. ೧೯೮೮ರ ಜನವರಿಯಲ್ಲಿ ಪ್ರಸಾರ ಆರಂಭವಾಯಿತು. ಕೂಡಲೇ ಮುಂಬಯಿ ಉಚ್ಚ ನ್ಯಾಯಾಲಯದಿಂದ ತಡೆಯಾಜ್ಞೆ! ನಲವತ್ತೊಂದು ವರ್ಷಗಳ ನಂತರವೂ ಅದೇ ಭಯ. ಇಬ್ಬರು ನ್ಯಾಯಾಧೀಶರು ಇಡೀ ಚಿತ್ರವನ್ನು ಕುಳಿತು ನೋಡಿ ತಡೆಯನ್ನು ತೆರವು ಮಾಡಿದರು. ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಚಿತ್ರದ ಪರಿಣಾಮವನ್ನು ಚಂಚಲ ಮನಸ್ಸಿನವರ ಅಳತೆಗೋಲಿನಿಂದ ಅಳೆಯದೆ, ವಿವೇಕವುಳ್ಳ ಸ್ಥಿರಚಿತ್ತರ ಅಳತೆಗೋಲಿನಿಂದ ಅಳೆಯಬೇಕೆಂಬುದು ಆ ತೀರ್ಪಿನ ಸಾರ.

ಈ ಇಸವಿಗಳನ್ನು ಒಂದರ ಪಕ್ಕಕ್ಕೆ ಒಂದಿಟ್ಟು ನೋಡಿದರೆ ನಮಗೊಂದು ವಿಚಾರ ಹೊಳೆಯುತ್ತದೆ. ಎರಡು ವರ್ಷಕ್ಕೆ ಬಂದ 'ಹಕೀಕತ್' ಯಾರಿಗೂ ಅವಸರವೆನಿಸಲಿಲ್ಲ. ನಲವತ್ತೊಂದು ವರ್ಷಕ್ಕೆ ಬಂದ 'ತಮಸ್' ಅವಸರವಾಯಿತು. ಮೊದಲನೆಯದರಲ್ಲಿ ವೈರಿ ಗಡಿಯಾಚೆ ಇದ್ದ. ಎರಡನೆಯದರಲ್ಲಿ ಬೆರಳು ನಮ್ಮ ಓಣಿಯ ಕಡೆಗೇ ತೋರುತ್ತಿತ್ತು. ಹೀಗಿರುವಾಗ "ಇನ್ನೂ ಕಾಲ ಬಂದಿಲ್ಲ" ಎಂಬ ಮಾತು ಬಂದಾಗಲೆಲ್ಲ ಅದನ್ನು ಹೇಳುತ್ತಿರುವವರು ಯಾರೆಂದು ಕೇಳಬೇಕು. ನೊಂದವರು ಹೇಳಿದರೆ ತಲೆಬಾಗಿ ಕೇಳಬೇಕಾದ ಮಾತು ಅದು. ಉತ್ತರ ಕೊಡಬೇಕಾದವರು ಹೇಳಿದರೆ ಅದಕ್ಕೆ ಅಷ್ಟು ಬೆಲೆ ಇಲ್ಲ.

ಹಾಗೆಂದು ಚಿತ್ರ ತೆಗೆಯುವವರದೆಲ್ಲ ಸರಿಯೆಂದು ನಾವು ಹೇಳುತ್ತಿಲ್ಲ. ಅವರನ್ನು ಕಟಕಟೆಯಲ್ಲಿ ನಿಲ್ಲಿಸಿದವರು ಅವರಲ್ಲೊಬ್ಬರೇ ಆದ ಮೃಣಾಲ್ ಸೇನ್. ೧೯೮೦ರ 'ಅಕಾಲೇರ್ ಸಂಧಾನೆ'ಯಲ್ಲಿ, ೧೯೪೩ರ ಬರಗಾಲದ ಚಿತ್ರ ತೆಗೆಯಲು ಕಲಕತ್ತೆಯ ತಂಡವೊಂದು ಹಳ್ಳಿಗೆ ಬರುತ್ತದೆ. ಸ್ಮಿತಾ ಪಾಟೀಲ್ ಆ ತಂಡದ ನಟಿ. ತಂಡದವರು ಊರ ಸಂತೆಯ ತರಕಾರಿ, ಮೀನುಗಳನ್ನೆಲ್ಲ ಕೊಳ್ಳತೊಡಗಿದ್ದೇ ತಡ, ಬೆಲೆ ಏರಿ ಊರವರಿಗೆ ಏನೂ ಸಿಗದಂತಾಗುತ್ತದೆ. ಬರದ ಚಿತ್ರ ತೆಗೆಯಲು ಬಂದವರು ಹೊಸ ಬರವನ್ನೇ ತಂದರೆಂದು ಹಳ್ಳಿಗರು ಆಡಿಕೊಳ್ಳುತ್ತಾರೆ. ಹಸಿವಿಗಾಗಿ ಮೈ ಮಾರಿಕೊಂಡವಳ ಪಾತ್ರಕ್ಕೆ ಊರ ಹೆಣ್ಣನ್ನು ಹುಡುಕಿದಾಗಲಂತೂ ಊರೇ ತಿರುಗಿ ಬೀಳುತ್ತದೆ. ಹಳೆಯ ನೋವು ಅಲ್ಲಿನ ಮನೆಗಳಲ್ಲಿ ಇನ್ನೂ ಹಸಿಯಾಗಿತ್ತು. ಕೊನೆಗೆ ತಂಡ ಗಂಟುಮೂಟೆ ಕಟ್ಟಿ ಸ್ಟುಡಿಯೋಕ್ಕೆ ಮರಳುತ್ತದೆ. ಮೂವತ್ತೇಳು ವರ್ಷ ಕಳೆದಿದ್ದರೂ ಆ ಊರಿನ ಪಾಲಿಗೆ ಅದು ಅವಸರವೇ ಆಗಿತ್ತು.

ಮುಂಬಯಿಯವರಾದ ನಮಗೆ ಇವೆಲ್ಲ ದೂರದ ಕಥೆಗಳಲ್ಲ. ೧೯೯೨-೯೩ರ ಗಲಭೆಗಳನ್ನೂ, ೧೯೯೩ರ ಮಾರ್ಚ್ ೧೨ರ ಸ್ಫೋಟಗಳನ್ನೂ ಇಲ್ಲಿನ ಕನ್ನಡಿಗರು ಪತ್ರಿಕೆಯಲ್ಲಿ ಓದಿ ತಿಳಿದವರಲ್ಲ. ಮಣಿರತ್ನಂ ಅವರ 'ಬಾಂಬೆ' ೧೯೯೫ರಲ್ಲಿ ಬಂತು. ಅದೇ ವರ್ಷ ಮದರಾಸಿನ ಅವರ ಮನೆಯ ಮೇಲೆ ಬಾಂಬು ಬಿತ್ತು. ೨೫೭ ಜನರನ್ನು ಬಲಿ ತೆಗೆದುಕೊಂಡ ಸ್ಫೋಟಗಳ ಕುರಿತ 'ಬ್ಲ್ಯಾಕ್ ಫ್ರೈಡೇ'ಗೆ ೨೦೦೫ರಲ್ಲಿ ಉಚ್ಚ ನ್ಯಾಯಾಲಯ ತಡೆ ನೀಡಿತು. ಮೊಕದ್ದಮೆಯ ತೀರ್ಪುಗಳು ಬಂದ ಮೇಲೆ ೨೦೦೭ರಲ್ಲಿ ಬಿಡುಗಡೆಯಾಯಿತು. ಈ ತಡೆಗೆ ನ್ಯಾಯವಾದ ಕಾರಣವಿತ್ತೆಂದು ನಮ್ಮ ಅಭಿಪ್ರಾಯ. ನ್ಯಾಯಾಲಯ ತೂಗುತ್ತಿರುವಾಗ ಚಿತ್ರಮಂದಿರ ತೀರ್ಪು ಕೊಡಬಾರದು. ೨೦೦೮ರ ನವೆಂಬರ್ ೨೬ರ ದಾಳಿಯಲ್ಲಿ ೧೬೬ ಜನ ಸತ್ತರು. ದಾಳಿ ಮುಗಿದ ಒಂದೆರಡು ದಿನಗಳಲ್ಲೇ ಚಿತ್ರನಿರ್ದೇಶಕ ರಾಮಗೋಪಾಲ ವರ್ಮಾ ಮುಖ್ಯಮಂತ್ರಿಗಳ ಜೊತೆಗೆ ತಾಜ್ ಹೋಟೆಲಿನೊಳಗೆ ಕಾಣಿಸಿಕೊಂಡರು. ಜನರಿಗೆ ಬಂದ ಸಿಟ್ಟು ಸಹಜವಾದುದು. ಮುಖ್ಯಮಂತ್ರಿಗಳು ರಾಜೀನಾಮೆ ಕೊಟ್ಟದ್ದಕ್ಕೆ ಅದೂ ಒಂದು ಕಾರಣವಾಯಿತು. ಅದೇ ದಾಳಿಯಲ್ಲಿ ಮಡಿದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಬೆಂಗಳೂರಿನಲ್ಲಿ ಬೆಳೆದ ಹುಡುಗ. ೨೦೨೨ರ 'ಮೇಜರ್' ಚಿತ್ರ ತೆಗೆದವರು ಮೊದಲು ಬೆಂಗಳೂರಿನಲ್ಲಿ ಅವರ ತಂದೆತಾಯಿಗಳ ಒಪ್ಪಿಗೆ ಪಡೆದರು. ಒಂದೇ ದುರಂತವನ್ನು ಕುರಿತ ಈ ಎರಡು ನಡತೆಗಳಲ್ಲಿ ಯಾವುದು ಮೆಚ್ಚತಕ್ಕದ್ದೆಂಬುದನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ.

ಆದುದರಿಂದ ರಾಷ್ಟ್ರದ ದುರಂತಗಳನ್ನು ಕುರಿತು ಚಿತ್ರ ತೆಗೆಯಬೇಕು, ತೆಗೆಯಲೇಬೇಕು ಎಂದು ನಾವು ಹೇಳುತ್ತೇವೆ. ಅದಕ್ಕೆ ಇಷ್ಟೇ ವರ್ಷ ಕಾಯಬೇಕೆಂಬ ನಿಯಮ ಮಾಡಲಾಗದು. ಆದರೆ ಸತ್ತವರ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುವ ಸೌಜನ್ಯ ಬೇಕು. ಆ ಮನೆಯವರಿಗೆ ಮಾತಾಡಲು ಎಡೆಯಿರಬೇಕು. ವಿಚಾರಣೆ ನಡೆಯುತ್ತಿದ್ದರೆ ತಾಳ್ಮೆ ಬೇಕು. ಸಾವನ್ನು ತೋರಿಸಿ ನಿಲ್ಲದೆ, ಅದು ಹೇಗೆ ಬಂತೆಂಬುದನ್ನೂ ಕೇಳಬೇಕು. ಇಷ್ಟಿದ್ದರೆ ಮೂರು ವರ್ಷವೂ ಬೇಗವಲ್ಲ. ಇದಿಲ್ಲದಿದ್ದರೆ ಮೂವತ್ತು ವರ್ಷವೂ ಸಾಲದು.

ನೋಡುವವರಾದ ನಮ್ಮ ಹೊಣೆಯೂ ಇದೆ. ಹೊರನಾಡಿನ ಕನ್ನಡ ಸಂಘಗಳು ಹಬ್ಬಹರಿದಿನಗಳಲ್ಲಿ ಹಾಸ್ಯನಾಟಕ, ಸಂಗೀತಗಳನ್ನು ಏರ್ಪಡಿಸುವುದು ಸರಿಯೇ. ವರ್ಷಕ್ಕೊಮ್ಮೆಯಾದರೂ 'ಗರಮ್ ಹವಾ'ದಂಥ ಚಿತ್ರವನ್ನು ಮಕ್ಕಳೊಂದಿಗೆ ಕುಳಿತು ನೋಡಿ, ಮುಗಿದ ಮೇಲೆ ದೀಪ ಹಾಕಿ, ಅರ್ಧ ಗಂಟೆ ಮಾತಾಡಬಾರದೇಕೆ? ೧೯೪೭ನ್ನು ನೆನಪಿನಿಂದ ಹೇಳಬಲ್ಲವರೆಲ್ಲ ಈಗ ಎಂಬತ್ತು ದಾಟಿದವರು. ಅಂಥವರು ನಮ್ಮ ನೆರೆಹೊರೆಯಲ್ಲಿ, ಕಟ್ಟಡದ ಕೆಳಗಿನ ಮಹಡಿಯ ಸಿಂಧಿ ಅಥವಾ ಪಂಜಾಬಿ ಮನೆಯಲ್ಲಿ, ಇನ್ನೂ ಇರಬಹುದು. ಅವರನ್ನೂ ಆ ಸಂಜೆ ಕರೆದುಕೊಂಡು ಬಂದರೆ ಇನ್ನೂ ಒಳ್ಳೆಯದು.