ನೀರಿನ ಪಾಲು, ಚಿನ್ನದ ಪಾಲು: ‘ಯೆಲ್ಲೊ ಸ್ಕೈ’ ಚಿತ್ರದಲ್ಲಿ ದುರಾಸೆಯ ಸ್ವರೂಪ

ಚಿನ್ನದ ಆಸೆಗೆ ಬಿದ್ದು ಕೆಡುವ ಮನುಷ್ಯರ ಅಮೆರಿಕನ್ ಚಿತ್ರ ಎಂದೊಡನೆ ವಿಮರ್ಶಕರು ನೆನೆಯುವುದು ಜಾನ್ ಹ್ಯೂಸ್ಟನ್ ನಿರ್ದೇಶಿಸಿದ ‘ದಿ ಟ್ರೆಷರ್ ಆಫ್ ದಿ ಸಿಯೆರಾ ಮಾದ್ರೆ’ಯನ್ನು. ಅದೇ 1948ರಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಹೊರತಂದ, ವಿಲಿಯಂ ವೆಲ್‌ಮನ್ ನಿರ್ದೇಶನದ ‘ಯೆಲ್ಲೊ ಸ್ಕೈ’ಗೆ ಅಷ್ಟು ಗಮನ ಸಿಕ್ಕಿಲ್ಲ. ಈ ವೆಸ್ಟರ್ನ್ ಚಿತ್ರದಲ್ಲಿ ದುರಾಸೆಯ ಬೇರು ಇರುವುದು ಪಾಲಿನ ಜಗಳದಲ್ಲಿ. ಮೊದಲು ನೀರಿನ ಪಾಲು, ಆಮೇಲೆ ಚಿನ್ನದ ಪಾಲು. ಈ ಎಳೆ ಹಿಡಿದು ಓದಿದರೆ ಮಾತ್ರ ಚಿತ್ರದ ಎರಡು ಭಾಗಗಳು ಒಂದಾಗುತ್ತವೆ ಎಂಬುದು ಪ್ರಸ್ತುತ ಲೇಖನದ ವಾದ.

ಚಿತ್ರದ ಹಿಂದಿರುವ ಹೆಸರುಗಳೇ ಈ ಓದಿಗೆ ದಾರಿ ತೋರುತ್ತವೆ. ಮೂಲ ಕಥೆ ಡಬ್ಲ್ಯು. ಆರ್. ಬರ್ನೆಟ್ಟನದು. ‘ಲಿಟಲ್ ಸೀಸರ್’, ‘ಹೈ ಸಿಯೆರಾ’, ‘ದಿ ಆಸ್ಫಾಲ್ಟ್ ಜಂಗಲ್’ ಕಾದಂಬರಿಗಳಲ್ಲಿ ಅವನು ನಗರದ ಪಾತಕಲೋಕವನ್ನು ಬರೆದವನು. ವೆಲ್‌ಮನ್ ಕೂಡ 1931ರಲ್ಲೇ ‘ದಿ ಪಬ್ಲಿಕ್ ಎನಿಮಿ’ ಎಂಬ ಗ್ಯಾಂಗ್‌ಸ್ಟರ್ ಚಿತ್ರ ಮಾಡಿದ್ದ. ನಿರ್ಮಾಪಕನೂ ಆದ ಚಿತ್ರಕಥೆಗಾರ ಲಮಾರ್ ಟ್ರಾಟಿ 1943ರ ‘ದಿ ಆಕ್ಸ್-ಬೋ ಇನ್ಸಿಡೆಂಟ್’ನಲ್ಲಿ ವೆಲ್‌ಮನ್ ಜೊತೆ ಕೆಲಸ ಮಾಡಿದವನು, ಗುಂಪಿಗೆ ಸೇರಿದ ಮನುಷ್ಯ ಎಲ್ಲಿಯವರೆಗೆ ಹೋಗಬಲ್ಲ ಎಂಬುದೇ ಆ ಚಿತ್ರದ ವಸ್ತು. ದೋಚುವುದು ಸುಲಭ, ದೋಚಿದ ಮೇಲೆ ಒಟ್ಟಿಗೆ ಇರುವುದು ಕಷ್ಟ ಎಂಬ ಪಾತಕಕಥೆಗಳ ತರ್ಕ ಇಲ್ಲಿ ಮರುಭೂಮಿಗೆ ಬಂದಿದೆ.

ಕಾಲ 1867. ಅಮೆರಿಕದ ಅಂತರ್ಯುದ್ಧ ಮುಗಿದು ಎರಡು ವರ್ಷವಾಗಿದೆ. ಬ್ಯಾಂಕ್ ದೋಚಿದ ಗುಂಪನ್ನು ಅಶ್ವದಳ ಬೆನ್ನಟ್ಟುತ್ತದೆ. ಒಬ್ಬ ಸಾಯುತ್ತಾನೆ, ಉಳಿದ ಆರು ಮಂದಿ ಉಪ್ಪಿನ ಬಯಲಿಗೆ ಇಳಿಯುತ್ತಾರೆ. ಸೈನಿಕರು ಅಂಚಿನಲ್ಲೇ ಕುದುರೆ ನಿಲ್ಲಿಸುತ್ತಾರೆ. ಮುಂದಿನದನ್ನು ಬಿಸಿಲು ನೋಡಿಕೊಳ್ಳುತ್ತದೆಂದು ಅವರಿಗೆ ಗೊತ್ತು.

ಡೆತ್ ವ್ಯಾಲಿಯಲ್ಲಿ ಚಿತ್ರೀಕರಿಸಿದ ಈ ಭಾಗವೇ ಚಿತ್ರದ ಕೀಲಿ. ಜೋ ಮ್ಯಾಕ್‌ಡೊನಾಲ್ಡ್‌ನ ಕ್ಯಾಮೆರಾದಲ್ಲಿ ಬಿರುಕುಬಿಟ್ಟ ಬಿಳಿ ನೆಲ ಚೌಕಟ್ಟನ್ನೆಲ್ಲ ತುಂಬಿಕೊಳ್ಳುತ್ತದೆ. ಸವಾರರು ಅದರ ಮೇಲೆ ಕಪ್ಪು ಚುಕ್ಕಿಗಳಾಗುತ್ತಾರೆ. ಹಿನ್ನೆಲೆ ಸಂಗೀತವಿಲ್ಲ. ಗೊರಸಿನ ಸದ್ದು, ಗಾಳಿ, ಏದುಸಿರು, ಅಷ್ಟೆ. ವಾಲ್ರಸ್ ಎಂಬವನ ನೀರಿನ ಡಬ್ಬಿಯಲ್ಲಿ ಇರುವುದು ವಿಸ್ಕಿ. ಚೀಲದಲ್ಲಿ ಬ್ಯಾಂಕಿನ ಹಣವಿದೆ, ಅದರಿಂದ ಒಂದು ಗುಟುಕು ನೀರೂ ಬರುವುದಿಲ್ಲ. ಹಣ ಒಟ್ಟಿಗೆ ದೋಚಿದ್ದು, ನೀರು ಮಾತ್ರ ಅವರವರದು. ಗುಂಪಿನ ಒಡಕು ಚಿನ್ನ ಕಣ್ಣಿಗೆ ಬೀಳುವ ಮೊದಲೇ ಹೀಗೆ ಶುರುವಾಗಿರುತ್ತದೆ.

ದಾಟಿ ತಲುಪಿದ ‘ಯೆಲ್ಲೊ ಸ್ಕೈ’ ಪಾಳುಬಿದ್ದ ಗಣಿ ಊರು. ಅಲ್ಲಿರುವವರು ಒಬ್ಬ ಮುದುಕ, ಅವನ ಮೊಮ್ಮಗಳು ಮೈಕ್. ಇವರ ಬಳಿ ಚಿನ್ನವಿದೆ ಎಂದು ಮೊದಲು ಮೂಸಿ ನೋಡುವವನು ರಿಚರ್ಡ್ ವಿಡ್ಮಾರ್ಕ್ ಅಭಿನಯಿಸಿದ ಡ್ಯೂಡ್. ಗ್ರೆಗರಿ ಪೆಕ್‌ನ ನಾಯಕ ಸ್ಟ್ರೆಚ್, ಮುದುಕನೊಂದಿಗೆ ಅರ್ಧ-ಅರ್ಧದ ಒಪ್ಪಂದಕ್ಕೆ ಬರುತ್ತಾನೆ. ಆಗ ಅಪಾಚೆಗಳು ಊರಿಗೆ ಬರುತ್ತಾರೆ. ಮುದುಕ ಅವರ ಸ್ನೇಹಿತ. ಒಂದು ಮಾತು ಹೇಳಿದ್ದರೆ ಗುಂಪಿನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ಹೇಳುವುದಿಲ್ಲ. ಸ್ಟ್ರೆಚ್‌ಗೆ ಕೊಟ್ಟ ಮಾತಿನ ಬೆಲೆ ತಿಳಿಯುವುದು ಇಲ್ಲಿ. ಡ್ಯೂಡ್‌ಗೋ ಅರ್ಧ ಸಾಲದು. ಕೊನೆಗೆ ಅವನು ತನ್ನ ಜೊತೆಯವರನ್ನೂ ಬಿಟ್ಟು ಎಲ್ಲವನ್ನೂ ಒಬ್ಬನೇ ಬಾಚಲು ಹೊರಡುತ್ತಾನೆ.

ಸ್ಟ್ರೆಚ್, ಡ್ಯೂಡ್, ಗುಂಪಿನ ಇನ್ನೊಬ್ಬನಾದ ಲೆಂಗ್ತಿ, ಈ ಮೂವರ ಕೊನೆಯ ಕಾಳಗ ಕತ್ತಲು ತುಂಬಿದ ಸಲೂನಿನಲ್ಲಿ ನಡೆಯುತ್ತದೆ. ವೆಲ್‌ಮನ್ ಅದನ್ನು ತೋರಿಸುವುದಿಲ್ಲ. ಹೊರಗಿನಿಂದ ಗುಂಡಿನ ಸದ್ದು ಮಾತ್ರ ಕೇಳಿಸುತ್ತದೆ. ಮೈಕ್ ಒಳಗೆ ಹೋದಾಗಲೇ ಯಾರು ಬದುಕಿದ್ದಾರೆಂದು ಪ್ರೇಕ್ಷಕರಿಗೂ ತಿಳಿಯುವುದು. ಆಸೆಗಾಗಿ ನಡೆದ ಕೊಲೆಯನ್ನು ಕಣ್ಣಿಗೆ ಹಬ್ಬವಾಗಿಸಲು ನಿರಾಕರಿಸಿದ ಈ ಸಂಯಮ ಆ ಕಾಲದ ವೆಸ್ಟರ್ನ್‌ಗಳಲ್ಲಿ ಅಪರೂಪದ್ದು.

ಚಿತ್ರಕ್ಕೆ ಒಂದು ದೊಡ್ಡ ಕೊರತೆಯೂ ಇದೆ. ಆನ್ ಬ್ಯಾಕ್ಸ್‌ಟರ್ ಅಭಿನಯಿಸಿದ ಮೈಕ್ ಬಂದೂಕು ಹಿಡಿದು ತನ್ನ ನೆಲ ಕಾಯುವ ಗಟ್ಟಿ ಹೆಣ್ಣು. ಗುಂಪಿನವರು ಅವಳನ್ನೂ ದೋಚಬಹುದಾದ ವಸ್ತುವಿನಂತೆ ನೋಡುತ್ತಾರೆ. ಲೆಂಗ್ತಿಯ ಬಲಾತ್ಕಾರದ ಯತ್ನವನ್ನು ಚಿತ್ರ ಅಪರಾಧವೆಂದೇ ತೋರಿಸುತ್ತದೆ; ಸ್ಟ್ರೆಚ್ ಅವಳ ಮೇಲೆ ಬಲವಂತ ಮಾಡಿದಾಗ ಮಾತ್ರ ಅದನ್ನು ಪ್ರೇಮದ ಮೊದಲ ಹೆಜ್ಜೆಯಾಗಿಸಿಬಿಡುತ್ತದೆ. ಚಿನ್ನದ ವಿಷಯದಲ್ಲಿ ಇಷ್ಟು ನಿಷ್ಠುರವಾದ ಚಿತ್ರ ಇಲ್ಲಿ ನಾಯಕನಿಗೆ ರಿಯಾಯಿತಿ ಕೊಟ್ಟಿದೆ.

ಮುಕ್ತಾಯದಲ್ಲಿ ಸ್ಟ್ರೆಚ್ ದೋಚಿದ ಹಣವನ್ನು ಬ್ಯಾಂಕಿಗೆ ಹಿಂದಿರುಗಿಸುತ್ತಾನೆ. 1934ರಿಂದ ಕಟ್ಟುನಿಟ್ಟಾಗಿ ಜಾರಿಯಲ್ಲಿದ್ದ ಪ್ರೊಡಕ್ಷನ್ ಕೋಡ್ ಪ್ರಕಾರ ಪಾತಕಕ್ಕೆ ಪರದೆಯ ಮೇಲೆ ಜಯ ಸಿಗುವಂತಿರಲಿಲ್ಲ. ಆದ್ದರಿಂದ ಈ ಮುಕ್ತಾಯವನ್ನು ನಿಯಮಕ್ಕೆ ಕೊಟ್ಟ ಕಪ್ಪವೆಂದು ಓದಲು ಸಾಧ್ಯ. ಆದರೆ ಬದುಕಿ ಉಳಿದವರು ಯಾರು ಎಂಬುದಕ್ಕೆ ಕೋಡ್ ಉತ್ತರ ಕೊಡುವುದಿಲ್ಲ. ವಾಲ್ರಸ್, ಹಾಫ್ ಪಿಂಟ್ ಇಬ್ಬರೂ ಅದೇ ಬ್ಯಾಂಕ್ ದೋಚಿದವರು. ಸ್ಟ್ರೆಚ್‌ನ ಪಕ್ಕಕ್ಕೆ ಬಂದು ನಿಂತದ್ದರಿಂದ ಉಳಿದುಕೊಂಡರು. ಗುಂಪಿನ ಕಿರಿಯ ಬುಲ್ ರನ್‌ನ ಸಾವನ್ನು ಬದಿಗಿಟ್ಟರೆ, ಪಾಳು ಊರಿನಲ್ಲಿ ಯಾರ ಜೀವ ಉಳಿಯಿತು, ಯಾರದು ಹೋಯಿತು ಎಂಬುದು ಅರ್ಧ ಪಾಲಿಗೆ ಒಪ್ಪಿದರೇ ಇಲ್ಲವೇ ಎಂಬುದರ ಮೇಲೆಯೇ ನಿಂತಿದೆ.